ಹೆಸರಿಗೊಂದು ಗುಳಿಗೆ

ಬಿ.ಪಿ. ಗುಳಿಗೆ ಬಿಡಿಸುವಾಗ ಆ ಬೆಳ್ಳಿ ಕಾಗದ ಚಟ್ಟನೆ ಹರಿಯುತ್ತದಲ್ಲ, ಇವತ್ತು ಬೆಳಿಗ್ಗೆ ಆ ಸದ್ದಿಗೆ ಬನಹಟ್ಟಿಯ ನನ್ನ ಸೋದರತ್ತೆ ಚೆನ್ನವ್ವ ನೆನಪಾದಳು. ಅವಳದು ನೆನಪಿನ ಗುಳಿಗೆ. ಅದನ್ನು ನುಂಗುವುದನ್ನೇ ಮರೆಯುತ್ತಾಳೆಂದು ಬಸಲಿಂಗಪ್ಪ ಮಾವ ಮಗ್ಗ ನಿಲ್ಲಿಸಿ ಎದ್ದು ಬಂದು ಕೊಡುತ್ತಾನೆ.

ಮೊದಲ ಸಲ ಅವರಿಬ್ಬರನ್ನೂ ಜಮಖಂಡಿಯ ಡಾಕ್ಟರ ಹತ್ತಿರ ಕರೆದೊಯ್ದವನು ನಾನೇ. ಅತ್ತೆ ವಾರ ತಪ್ಪು ಹೇಳಿದಳು. ಉಪ್ಪಿಟ್ಟು ತಿಂದು ಬಂದವಳು ಏನೂ ತಿಂದಿಲ್ಲವೆಂದಳು. ಕೊನೆಗೆ ಡಾಕ್ಟರು, "ಯಜಮಾನರ ಹೆಸರೇನ್ರಿ?" ಎಂದರು. ಅತ್ತೆ ಸೆರಗು ಮುಂದೆಳೆದು ತಲೆ ತಗ್ಗಿಸಿದಳು. ಮಾವನ ಮುಖ ಬಾಡಿಹೋಯಿತು.

"ಈ ಗುಳಿಗಿ ಹ್ವಾದ ನೆನಪು ತರೂದಿಲ್ರಿ. ಇದ್ದದ್ದು ಲಗೂನ ಹೋಗಧಂಗ ಒಂದಿಷ್ಟು ತಡೀಬಹುದು, ಅದೂ ಎಲ್ಲಾರಿಗೂ ಅಲ್ಲ," ಎಂದರು ಡಾಕ್ಟರು.

"ಅಂದ್ರ ನಾ ಹ್ವಾದಾಂವನ ಏನ್ರಿ?" ಎಂದ ಮಾವ. ಅಲ್ಲಿಂದ ಬಸ್ಸು ಹಿಡಿದು ಮುಧೋಳದ ನಮ್ಮ ಮನೆಗೆ ಬಂದೆವು.

ಸುದ್ದಿ ಕೇಳಿದ ನನ್ನ ಹೆಂಡತಿ ಹೊಟ್ಟೆ ಹಿಡಿದು ನಕ್ಕಳು. "ಅಯ್ಯ ನಿಮ್ಮ! ಪರಪುರುಷನ ಮುಂದ ಅತ್ತಿ ಗಂಡನ ಹೆಸರ ಹೇಳತಾರೇನ್ರಿ? ಅತ್ತೀ, ಒಂದು ಒಡಪ ಹೇಳ್ರಿ ನೋಡೋಣ!"

ಗಂಡನ ಹೆಸರನ್ನು ಪ್ರಾಸದಲ್ಲಿ ಕೂಡಿಸಿ ಹೇಳುವುದೇ ಒಡಪು. ಹಾಗೆ ಹೇಳಿದರೆ ದೋಷವಿಲ್ಲ. ಅತ್ತೆ ಮದುಮಗಳಂತೆ ಕತ್ತು ಕೊಂಕಿಸಿದಳು:

"ಎಳ್ಳಚ್ಚಿದ ರೊಟ್ಟಿ, ಕೆನಿಮೊಸರ ಬಟ್ಟಲ,
ಬಸಲಿಂಗಪ್ಪನವರು ಬಂದ್ರ ತೂಗತೈತಿ ತೊಟ್ಟಲ!"

ಮಾವ ನಗುತ್ತಲೇ ಕಣ್ಣೊರೆಸಿಕೊಂಡ. ಅಂದಿನಿಂದ ದಿನಾ ಗುಳಿಗೆ, ಅದರ ಹಿಂದೆ ಒಡಪು. ಡಾಕ್ಟರು ಬರೆದದ್ದು ಒಂದೇ ಔಷಧ, ಎರಡನೆಯದು ಮಾವನದು. ಯಾವುದು ನಾಟಿತೋ ಶಿವನೇ ಬಲ್ಲ.

ಹೋದ ವಾರ ಬನಹಟ್ಟಿಗೆ ಹೋಗಿದ್ದೆ. ಅತ್ತೆಗೆ ನನ್ನ ಗುರುತು ಹತ್ತಲಿಲ್ಲ, ನನಗೆ ಕೆಟ್ಟೆನಿಸಿತು. ಮಾವ ಗುಳಿಗೆ ನುಂಗಿಸಿ, "ಹೂಂ, ಹೇಳು," ಎಂದ. "ಎಳ್ಳಚ್ಚಿದ ರೊಟ್ಟಿ, ಕೆನಿಮೊಸರ ಬಟ್ಟಲ..." ಅಷ್ಟಕ್ಕೇ ನಿಂತಳು. ಮಾವ ಅವಳ ಬಾಯಿ ನೋಡುತ್ತ ಕಾದ. ಹೆಸರು ಬರಲಿಲ್ಲ. ಮಾವ ಗಂಟಲು ಸರಿಮಾಡಿಕೊಂಡು ತಾನೇ ಮುಗಿಸಿದ:

"ಚೆನ್ನವ್ವ ಕೈ ಹಿಡದ್ರ ಏರತೇನಿ ಮೆಟ್ಟಲ!"

ಜನ್ಮದಲ್ಲಿ ಎಂದೂ ಹೆಂಡತಿಯ ಹೆಸರೆತ್ತಿದವನಲ್ಲ ಅವನು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಸುಮ್ನಿರ್ರೀ, ನಾಚಿಕಿ ಬ್ಯಾಡೇನು? ಮಂದಿ ಮುಂದ ಹೆಂತಿ ಹೆಸರ ತಗೋತಾರೇನು!"

ಮಂದಿ ಅಂದರೆ ನಾನು! ಆಗಲಿ ಬಿಡಿ, ಗಂಡ ಯಾರೆಂಬುದು ಅವಳಿಗೆ ಗೊತ್ತಿತ್ತಲ್ಲ.

ಇಗೋ, ಅಡುಗೆಮನೆಯಿಂದ ನಮ್ಮವಳ ದನಿ: "ಗುಳಿಗಿ ತಗೊಂಡ್ರೇನ್ರಿ?"

ಇಷ್ಟು ವರ್ಷ 'ಏ', 'ಕೇಳಿಸ್ತೇನು' ಎಂದೇ ಸಂಸಾರ ಮಾಡಿದವನು ನಾನು. "ತಗೊಂಡೆ, ಶಾಂತಾ," ಎಂದೆ.

ರೊಟ್ಟಿ ಬಡಿಯುವ ಸದ್ದು ನಿಂತಿತು. "ಅಯ್ಯ, ಬಿ.ಪಿ. ಏರೇತೇನ್ರಿ?"