ಹದಿನಾರನೇ ನಂಬರಿನ ಟಗರು

ಬೀಗ ಹಾಕಿ ನಾಲ್ಕು ಹೆಜ್ಜೆ ಹೋದಮೇಲೆ ವಾಪಸ್ ಬಂದು ಜಗ್ಗಿ ನೋಡುವ ಜಾತಿ ನಾನು. ಮನೆಯವರು ನಗುತ್ತಾರೆ. ಆದರೆ ನನ್ನ ಕೆಲಸಕ್ಕೆ ಈ ಅನುಮಾನದ ಬುದ್ಧಿಯೇ ಬಂಡವಾಳ. ಬಂಡೂರು ಕುರಿಗಳನ್ನು ತೂಗಿ, ರಕ್ತ ತೆಗೆದು, ಮಂಡ್ಯದಲ್ಲಿ ಕಂಪ್ಯೂಟರ್ ಮುಂದೆ ಕೂತು, ಯಾವ ವಂಶವಾಹಿ ಮೈತೂಕದ ಜೊತೆಜೊತೆಗೇ ಸಾಗುತ್ತದೆ ಎಂದು ಹುಡುಕಬೇಕು. ವಂಶವಾಹಿಗಳ ಉದ್ದಕ್ಕೂ ಸಾವಿರಾರು ಕಡೆ ಇಣುಕುತ್ತೇವೆ. ಅಷ್ಟು ಕಡೆ ಇಣುಕಿದರೆ ಬರೀ ಅದೃಷ್ಟದಿಂದಲೇ ಒಂದಿಷ್ಟು ಜಾಗಗಳು ‘ನಾನೇ, ನಾನೇ’ ಎಂದು ಕೈಯೆತ್ತುತ್ತವೆ. ಅದಕ್ಕೇ ಗೆರೆಯನ್ನು ಬಹಳ ಎತ್ತರದಲ್ಲಿ ಎಳೆದು, ದಾಟಿದ್ದನ್ನು ಮಾತ್ರ ನಂಬುತ್ತೇವೆ.

ಆ ವರ್ಷ ಒಂದು ಜಾಗ ಆ ಗೆರೆ ದಾಟಿತು. ನಾನು ಕುಣಿದಾಡಿದೆ. ಆತುರದಲ್ಲಿ ಕುರಿ ಸಾಕುವವರಿಗೆ ಪಟ್ಟಿಯನ್ನೂ ಕಳಿಸಿಬಿಟ್ಟೆ: ಈ ಟಗರುಗಳಲ್ಲಿ ಮೈ ತುಂಬುವ ಆ ಗುಣವಿದೆ, ತಳಿಗೆ ಉಳಿಸಿಕೊಳ್ಳಿ, ಈ ಕೆಲವುಗಳಲ್ಲಿ ಇಲ್ಲ, ಮಾರಬಹುದು. ಕಿವಿಯಲ್ಲಿ ಹದಿನಾರರ ಹಳದಿ ಬಿಲ್ಲೆಯಿದ್ದ ಟಗರು ಮಾರಬಹುದಾದವುಗಳ ಸಾಲಿನಲ್ಲಿತ್ತು. ನೋಡಲು ಅಷ್ಟು ಚೆಂದದ ಪ್ರಾಣಿ ಆ ಸಾಲಿಗೆ ಬಂತಲ್ಲ ಎಂದು ಬೇಸರವಾಗಿತ್ತು, ಅಷ್ಟೆ.

ವಾರದ ನಂತರ ಮರಿಗಳ ರಕ್ತದ ಫಲಿತಾಂಶ ಬಂತು. ಹದಿನಾರಕ್ಕೆ ಹುಟ್ಟಿದ ಮೂರು ಮರಿಗಳಲ್ಲೂ ಆ ಗುಣ ಜೋಡಿಯಾಗಿ ಕೂತಿತ್ತು. ಜೋಡಿಯಲ್ಲಿ ಒಂದು ತಾಯಿ ಕೊಟ್ಟಿದ್ದು, ಇನ್ನೊಂದು ತಂದೆ ಕೊಟ್ಟಿದ್ದು. ತಂದೆಯಲ್ಲೇ ಇಲ್ಲದ್ದು ಮರಿಗೆ ಎಲ್ಲಿಂದ ಬರಬೇಕು? ಮರುದಿನ ಮಳವಳ್ಳಿಯಲ್ಲಿ ಸಂತೆ. ಹದಿನಾರನ್ನು ಸಾಕಿದ್ದ ಮನೆಯ ಫೋನು ಸ್ವಿಚ್ ಆಫ್.

ಬೆಳಿಗ್ಗೆ ಮೊದಲ ಬಸ್ಸು ಹಿಡಿದೆ. ಮದ್ದೂರಿನಲ್ಲಿ ಬಸ್ಸು ಬದಲಿಸಿದರೆ ಕಂಡಕ್ಟರು ನಿಧಾನವಾಗಿ ವಡೆ ಮೆಲ್ಲುತ್ತಿದ್ದ. ಅವನ ಕೈಯಿಂದ ಕಿತ್ತು ಎಸೆಯಬೇಕೆನಿಸಿತು. ಮುಂದೆ ಕಬ್ಬಿನ ಟ್ರ್ಯಾಕ್ಟರು ದಾರಿ ಬಿಡಲೊಲ್ಲದು. ನಾನೇ ಎಲ್ಲಾದರೂ ಶೀಷೆ ಅದಲುಬದಲು ಮಾಡಿದೆನೇ? ಚೀಟಿ ತಪ್ಪಾಗಿ ಅಂಟಿಸಿದೆನೇ? ಮಳವಳ್ಳಿ ಬರುವಷ್ಟರಲ್ಲಿ ನನ್ನ ಮೇಲೆ ನಾನೇ ಹತ್ತು ಅಪರಾಧ ಹೊರಿಸಿಕೊಂಡಿದ್ದೆ.

ಟಗರು ಇನ್ನೂ ಮನೆ ಬಿಟ್ಟಿರಲಾರದೆಂದು ಸಂತೆಗೆ ಹೋಗದೆ ನೇರ ಬಂಡೂರಿಗೇ ಹೋದೆ. ಆ ಮನೆಯ ಹಟ್ಟಿಯಲ್ಲಿ ಗೂಟ ಖಾಲಿಯಿತ್ತು. ಮನೆಯೊಡತಿ ಹುಲ್ಲಿನ ಹೊರೆಯನ್ನು ಆಗಷ್ಟೇ ಇಳಿಸಿ, ಗೂಟವನ್ನೇ ನೋಡುತ್ತ ನಿಂತಿದ್ದರು. ರಕ್ತದ ವಿಷಯ ಕೇಳಿದ್ದೇ ತಡ, ಮುಖ ಮುಚ್ಚಿಕೊಂಡರು.

“ನೀವು ತೂಕ ಮಾಡ್ದಾಗ ಎಲ್ರೆದುರ್ಗೂ ಇಷ್ಟು ಕೆಜಿ ಅಂತ ಕೂಗುದ್ರಿ ಕಣಮ್ಮ. ಅವತ್ತೇ ಕಣ್ಣು ಬಿತ್ತು, ಎಲ್ಡು ದಿನ ಮೇವು ಮುಟ್ಲಿಲ್ಲ. ಅದುರ್ ಮೇಲೆ ರಕ್ತ ಬೇರೆ ಕೊಡ್ಸನಾ? ಅದುರ್ ಬದ್ಲು ಇನ್ನೊಂದು ಬಡಕಲು ಟಗರ ಇಡ್ದು ಕೊಟ್ಬುಟ್ಟೆ. ಯಜಮಾನ್ರಿಗೆ ಏಳ್ಲಿಲ್ಲ. ನಿಮ್ ಪಟ್ಟಿ ಬಂದಾಗ ಅದು ಬಡಕಲುದ್ದು ಅಂತ ಸುಮ್ಕಿದ್ದೆ. ನಾನು ಉಲ್ಲಿಗೆ ಓಗಿದ್ದಾಗ ಅವ್ರು ದೊಡ್ಡದ್ನೇ ಒಡ್ಕೊಂಡು ಓಗವ್ರೆ.”

ನೆನಪಾಯಿತು. ಸೂಜಿಗೆ ಬೆದರದಿರಲಿ ಎಂದು ಅವರು ಟಗರಿನ ತಲೆಗೆ ಟವೆಲ್ಲು ಸುತ್ತಿದ್ದರು. “ಅದ್ನಾರು” ಎಂದರು, ನಾನು ಬರೆದುಕೊಂಡೆ. ಟವೆಲ್ಲು ಸರಿಸಿ ಕಿವಿ ನೋಡುವುದಕ್ಕೆ ಎಷ್ಟು ಹೊತ್ತು ಬೇಕಿತ್ತು? ಸಾವಿರಾರು ಕಡೆ ಇಣುಕುವ ನಾನು ಅಲ್ಲೊಂದು ಕಡೆ ಇಣುಕಲಿಲ್ಲ. ನಾಚಿಕೆಯಿಂದ ಸತ್ತುಹೋಗುವಂತಾಯಿತು.

ಸಂತೆಗೆ ಓಡೋಣವೆಂದು ತಿರುಗುವಷ್ಟರಲ್ಲಿ ಯಜಮಾನರೇ ಬಂದರು. ಕೈಯಲ್ಲಿ ಬರೀ ಹಗ್ಗ, ಮುಖದಲ್ಲಿ ನಗು.

“ನೀವ್ ಏಳ್ದಂಗೇ ಮಾಡ್ದೆ ಮೇಡಮ್ಮೋರೆ. ನೋಡಾಕೆ ದಪ್ಪ, ಒಳ್ಗೆ ಗುಣ ಇಲ್ಲ ಅಂದ್ಮೇಲೆ ಮಡಿಕೊಂಡು ಏನ್ ಮಾಡದು? ಕಟುಕ್ನೇ ತಕೊಂಡ. ಆಗ್ಲೇ ಕುಯ್ದೂ ಆಯ್ತು.”

ಅವರ ಹೆಂಡತಿ ನನ್ನತ್ತ ನೋಡಿದ ನೋಟ ಯಾರಿಗೂ ಬೇಡ. “ತಪ್ಪು ನನ್ನದು, ಪಟ್ಟಿಯೇ ತಪ್ಪು” ಎಂದೆ. ಅದು ಪೂರ್ತಿ ನಿಜ. ಆಕೆ ಟಗರು ಬದಲಿಸಿದ ಮಾತನ್ನು ಮಾತ್ರ ಎತ್ತಲಿಲ್ಲ.

“ಬುಡಿ ಬುಡಿ, ಕಂಪ್ಯೂಟರ್ ಎಲ್ಲಾರ ತಪ್ಪು ಏಳ್ತದಾ?” ಎಂದು ಅವರು ಮೂರು ಮರಿಗಳನ್ನೂ ನನ್ನ ಮುಂದೆ ಎಳೆತಂದರು. “ಇನ್ಮುಂದಕ್ಕೆ ಇವ್ರಲ್ಲಿ ಯಾವ್ದ ಮಡಿಕೊಳ್ಳನ, ನೀವೇ ಏಳಿ.”

ನಾನು ಅವರ ಹೆಂಡತಿಯ ಕಡೆ ಕೈ ತೋರಿಸಿ, “ಅವರನ್ನ ಕೇಳಿ” ಎಂದೆ.

ಯಜಮಾನರು ಹೊಟ್ಟೆ ಹಿಡಿದು ನಕ್ಕರು. “ಅವ್ಳಿಗೇನ್ ಗೊತ್ತಾಯ್ತದೆ ಮೇಡಮ್ಮೋರೆ?”