ಚನ್ನಬಸಣ್ಣ ಬಿಚ್ಚಿದ ತಂತಿ

ಬೇರೆಯವರು ಹಾಕಿದ ಗಂಟು ಕಂಡರೆ ಚನ್ನಬಸಣ್ಣನ ಕೈ ಸುಮ್ಮನಿರುತ್ತಿರಲಿಲ್ಲ. ಸಂತೆಯಿಂದ ತಂದ ಚೀಲದ ಬಾಯಿ, ಹಸುವಿನ ಕೊರಳ ಹಗ್ಗ, ನಮ್ಮಮ್ಮ ಹಿತ್ತಿಲ ಬೇಲಿಗೆ ಬಿಗಿದ ಹುರಿ, ಎಲ್ಲವನ್ನೂ ಬಿಚ್ಚಿ ತನ್ನ ರೀತಿಯಲ್ಲಿ ಮತ್ತೆ ಕಟ್ಟುತ್ತಿದ್ದ. ಅಮ್ಮ ಬೈದರೆ, ಹಿಂದಿನವರು ಸರಿಯಾಗಿ ಕಟ್ಟಿದ್ದರೆ ನಾನ್ಯಾಕೆ ಮುಟ್ಟುತ್ತಿದ್ದೆ ಎನ್ನುತ್ತಿದ್ದ.

ಶಿಕಾರಿಪುರದಲ್ಲಿ ನಮ್ಮ ಹಿತ್ತಿಲಿಗೆ ಅಂಟಿಕೊಂಡೇ ಅವನ ಗ್ಯಾರೇಜು. ಕಂಬಗಳ ಮೇಲೆ ತಗಡು ಹೊದಿಸಿದ್ದ, ಅಷ್ಟೆ. ಕೊರಳಲ್ಲಿದ್ದ ಲಿಂಗದ ಬೆಳ್ಳಿಯ ಕರಡಿಗೆ ಎಂಜಿನ್ ಎಣ್ಣೆ ಕುಡಿದು ಕಬ್ಬಿಣದ ಬಣ್ಣಕ್ಕೆ ತಿರುಗಿತ್ತು. ಅಕ್ಕಿ ಗಿರಣಿಯ ಎಂಜಿನ್ನು, ಬಸ್ಸು, ಪಂಪು, ಏನೇ ಬರಲಿ, ಮೊದಲು ಹಿಂದಿನ ಮೆಕ್ಯಾನಿಕ್ ಮಾಡಿದ್ದನ್ನೆಲ್ಲ ಬಿಚ್ಚಿ ಹರವಿ, ಅವನನ್ನು ಮನಸಾರೆ ಬೈದ ಮೇಲೇ ಕೆಲಸ ಶುರು. ನಾನು ಹೆಣ್ಣುಮಕ್ಕಳ ಶಾಲೆಗೆ ಟೀಚರಾಗಿ ಸೇರಿದಾಗ ನನಗೆ ಸೈಕಲ್ ಕಲಿಸಿದವನು ಅವನೇ. ಮಣ್ಣಲ್ಲಿ ಬಿದ್ದು ಮೊಣಕೈ ತರಚಿಕೊಂಡು ಕೂತಿದ್ದಾಗ, "ಬಿದ್ದದ್ದು ಗಾಡಿ ತಪ್ಪಲ್ರೀ ಅಕ್ಕೋರೇ, ಅಂಜಿಕಿ ತಪ್ಪು. ಏಳ್ರಿ" ಎಂದಿದ್ದ. ಅಂಜಿಕೆಯನ್ನು ಅವನು ಒಂದು ರೋಗದಂತೆ ಕಾಣುತ್ತಿದ್ದ.

ಐವತ್ತರ ದಶಕದ ಕೊನೆಯ ಒಂದು ಚಳಿಗಾಲದಲ್ಲಿ ಜರ್ಮನಿಯ ವಯಸ್ಸಾದ ದಂಪತಿ ಬಳ್ಳಿಗಾವಿಯ ಗುಡಿಗಳನ್ನು ನೋಡಲು ಬಂದರು. ಮಲಗಲು ಹಾಸಿಗೆ, ಅಡುಗೆಗೆ ಸ್ಟೌ, ಕಿಟಕಿಗೆ ಪರದೆ ಎಲ್ಲ ಇದ್ದ ವ್ಯಾನೇ ಅವರ ಮನೆ. ಇಂಗ್ಲಿಷ್ ಬರುತ್ತದೆಂದು ರಜೆಯಲ್ಲಿ ನನ್ನನ್ನು ಜೊತೆಗೆ ಕರೆದುಕೊಂಡಿದ್ದರು. ಹೆಂಡತಿಯ ಹೆಸರು ಲೀಸಾ. ನನ್ನಿಂದ ಕನ್ನಡ ಕಲಿಯುತ್ತ, "ಸರೋಜಾ, ಬಾ, ಕೂತ್ಕೋ" ಎಂದು ಕರೆದು ತಾವೇ ನಗುತ್ತಿದ್ದರು. ಎದೆ ಸರಿಯಿರಲಿಲ್ಲ, ಬೆಳಗಿನ ಚಳಿಗೆ ಕೆಮ್ಮಿ ಕೆಮ್ಮಿ ಸುಸ್ತಾಗುತ್ತಿದ್ದರು. ವ್ಯಾನಿನಲ್ಲಿ ಹೀಟರಿತ್ತು, ಆದರೆ ಮುಂಬಯಿಯಲ್ಲಿ ಹಳೆಯ ಗಾಡಿಯೆಂದು ಕೊಂಡ ದಿನದಿಂದಲೂ ಅದರಲ್ಲಿ ಬಿಸಿಗಾಳಿ ಬಂದಿರಲಿಲ್ಲ.

ಗ್ಯಾರೇಜಿಗೆ ತಂದ ಆ ವ್ಯಾನಿನ ಸುತ್ತ ಚನ್ನಬಸಣ್ಣ ಸುತ್ತಿದ. ಎಂಜಿನ್ನು ಹಿಂದೆ, ರೇಡಿಯೇಟರ್ ಇಲ್ಲ, ನೀರಿಲ್ಲ, ಗಾಳಿಯಿಂದಲೇ ತಣ್ಣಗಾಗುವಂಥದ್ದು. ಅದೇ ಗಾಳಿ ಕಾದ ಹೊಗೆಕೊಳವೆಯ ಸುತ್ತ ಹಾಯ್ದು, ನೆಲದಡಿಯ ಪೈಪಿನಲ್ಲಿ ಗಾಡಿಯೊಳಗೆ ಬರಬೇಕು. ಅವನು ಗಾಡಿಯಡಿ ನುಸುಳಿ, ಸ್ವಲ್ಪ ಹೊತ್ತಿಗೆ ಒಂದು ತಂತಿಯ ಸುರುಳಿ ಹಿಡಿದು ಹೊರಬಂದ. ಬಿಸಿಗಾಳಿ ಬರುವ ಬಾಗಿಲನ್ನು ಯಾರೋ ಮುಚ್ಚಿ, ತಂತಿ ಸುತ್ತಿ, ತುದಿಗಳನ್ನು ಬಡಿದು ಚಪ್ಪಟೆ ಮಾಡಿದ್ದರು.

"ಯಾವನೋ ಅಂಜುಬುರುಕ ಕಟ್ಟ್ಯಾನ್ರೀ," ಎಂದ.

ಯಾಕೆ ಕಟ್ಟಿರಬಹುದು ಎಂದು ನಾನು ಕೇಳಿದೆ. ಕೆಲಸ ಬಾರದವರು ಹಾಗೇ ಮಾಡುವುದು ಎಂದುಬಿಟ್ಟ. ಸಂಜೆ ಬಾಗಿಲು, ಕಿಟಕಿ ಎಲ್ಲ ಮುಚ್ಚಿ, ಎಂಜಿನ್ ಓಡಿಸಿಕೊಂಡು ಒಳಗೆ ಕೂತ. ಕೆಳಗಿಳಿದಾಗ ಮುಖ ಕೆಂಪಾಗಿತ್ತು, ಖುಷಿಯಾಗಿದ್ದ. ಲೀಸಾ ಆ ಬಿಸಿಗಾಳಿಗೆ ಕೈಯೊಡ್ಡಿ ಮಗುವಿನಂತೆ ನಕ್ಕರು.

ಮರುದಿನ ಬೆಳಗ್ಗೆ ಸೊರಬಕ್ಕೆ ಹೊರಟೆವು. ದಾರಿಯುದ್ದಕ್ಕೂ ಮಂಜು. ಲೀಸಾ ಅವರ ಗಂಡ ಎಂದಿನಂತೆ ನಿಧಾನವಾಗಿ ಓಡಿಸುತ್ತಿದ್ದರು. ಒಳಗೆ ಹಿತವಾಗಿ ಬೆಚ್ಚಗಿತ್ತು. ಶಿರಾಳಕೊಪ್ಪ ದಾಟುವಷ್ಟರಲ್ಲಿ ಲೀಸಾ ಮಾತು ನಿಲ್ಲಿಸಿ ಹಾಸಿಗೆಯ ಮೇಲೆ ಮಲಗಿದ್ದರು. ಕೆನ್ನೆ ಎಷ್ಟು ಕೆಂಪಾಗಿತ್ತೆಂದರೆ, ಎಷ್ಟೋ ದಿನಕ್ಕೆ ಆರೋಗ್ಯ ಬಂತಲ್ಲ ಎಂದುಕೊಂಡೆ. ನನ್ನ ತಲೆ ಭಾರವಾಗುತ್ತಿತ್ತು. ಕಿಟಕಿ ತೆಗೆಯೋಣ ಅನಿಸಿತು, ಕೈ ಏಳಲಿಲ್ಲ. ಏಳದ್ದಕ್ಕೆ ಗಾಬರಿಯೂ ಆಗಲಿಲ್ಲ, ಅದೇ ಈಗ ನೆನೆದರೆ ಭಯವಾಗುವುದು. ರಸ್ತೆ ಮೆಲ್ಲಗೆ ಒಂದು ಕಡೆಗೆ ಓರೆಯಾಯಿತು. ಆಮೇಲಿನದು ನನಗೆ ತಿಳಿಯದು.

ಉಳಿದದ್ದನ್ನು ಚನ್ನಬಸಣ್ಣನ ಹೆಂಡತಿ ಹೇಳಿದಳು. ಹಿಂದಿನ ರಾತ್ರಿಯೆಲ್ಲ ಅವನಿಗೆ ವಾಂತಿ, ತಲೆ ಸಿಡಿತ. ಊಟದ್ದು ಅಂದುಕೊಂಡಿದ್ದ. ಬೆಳಗ್ಗೆ ಗ್ಯಾರೇಜಿನಲ್ಲಿ ಆ ತಂತಿ ಕಾಲಿಗೆ ಸಿಕ್ಕಿತಂತೆ. ಎತ್ತಿ ನೋಡುತ್ತ ನಿಂತನಂತೆ. ಅಷ್ಟು ಬಿಗಿಯಾಗಿ, ಅಷ್ಟು ಒಪ್ಪವಾಗಿ ಕಟ್ಟಿದವನು ಕೆಲಸ ಬಾರದವನಲ್ಲ. ಹೊಗೆಕೊಳವೆ ಒಳಗೆಲ್ಲೋ ಬಿರುಕು ಬಿಟ್ಟಿತ್ತು, ಬಿಸಿಗಾಳಿಯ ಜೊತೆ ಎಂಜಿನ್ನಿನ ವಿಷಗಾಳಿಯೂ ಗಾಡಿಯೊಳಗೆ ಬರುತ್ತಿತ್ತು. ಅದು ಗೊತ್ತಿದ್ದೇ ಹಿಂದಿನವನು ಆ ದಾರಿ ಮುಚ್ಚಿದ್ದ. ಚನ್ನಬಸಣ್ಣ ಚಪ್ಪಲಿಯನ್ನೂ ಮೆಟ್ಟದೆ ರಸ್ತೆಗೆ ಓಡಿ, ಬೆಲ್ಲದ ಲಾರಿಯೊಂದನ್ನು ಅಡ್ಡಗಟ್ಟಿ ಹತ್ತಿದ.

ನಮ್ಮ ವ್ಯಾನು ಗದ್ದೆಯ ಬದುವಿಗೆ ಮೂತಿಯಿಟ್ಟು ನಿಂತಿತ್ತು. ಬದುವಿಗೆ ಬಡಿದಾಗ ಎಂಜಿನ್ ತಾನಾಗಿ ನಿಂತದ್ದರಿಂದ ನೀವು ಉಳಿದಿರಿ ಎಂದು ಆಮೇಲೆ ಡಾಕ್ಟರು ಹೇಳಿದರು. ನನಗೆ ಮೊದಲು ಕೇಳಿಸಿದ್ದು ಗಾಜು ಒಡೆದ ಸದ್ದು. ಚನ್ನಬಸಣ್ಣ ನಮ್ಮನ್ನು ಒಬ್ಬೊಬ್ಬರನ್ನಾಗಿ ಎಳೆದು ಇಬ್ಬನಿಯ ಹುಲ್ಲಿನ ಮೇಲೆ ಮಲಗಿಸಿದ್ದ. ಅವನ ಮುಂಗೈಯಿಂದ ರಕ್ತ ಸುರಿಯುತ್ತಿತ್ತು. "ಉಸಿರಾಡ್ರಿ ಅಕ್ಕೋರೇ, ಉಸಿರಾಡ್ರಿ" ಎಂದು ಅದನ್ನೇ ಹೇಳುತ್ತಿದ್ದ.

ಲೀಸಾಗೆ ಎಚ್ಚರವಾದದ್ದು ಸೊರಬದ ಆಸ್ಪತ್ರೆಯಲ್ಲಿ, ಮರುದಿನ. ನಾನು ಹತ್ತಿರ ಹೋಗಿ ಕೈ ಹಿಡಿದೆ. ಅವರು ನನ್ನನ್ನು ನೋಡಿ, ಗಂಡನ ಕಡೆ ತಿರುಗಿ ಏನೋ ಕೇಳಿದರು. ಅವರ ಗಂಡ ಕಿಟಕಿಯಾಚೆ ನೋಡಿದರು. ಈ ಹುಡುಗಿ ಯಾರು ಎಂದು ಕೇಳಿದ್ದಂತೆ. ಬಾಗಿಲಲ್ಲಿ ನಿಂತಿದ್ದ ಚನ್ನಬಸಣ್ಣನಿಗೆ ಜರ್ಮನ್ ತಿಳಿಯದು, ಆದರೆ ತಿಳಿಯಿತು.

ಅವರು ತಮ್ಮ ದೇಶಕ್ಕೆ ಹಿಂತಿರುಗಿದರು. ಯಾರೂ ಅವನ ಮೇಲೆ ದೂರು ಕೊಡಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತೇನೋ. ಗ್ಯಾರೇಜಿನ ತಗಡನ್ನು ಮಾರಿ, ಅಂಜನಾಪುರದ ನಾಲೆಯಲ್ಲಿ ನೀರು ಬಿಡುವ ಕೆಲಸಕ್ಕೆ ಸೇರಿದ.

ಕೆಲವು ವರ್ಷಗಳ ಮೇಲೆ, ನನಗೆ ಸೊರಬಕ್ಕೆ ವರ್ಗವಾಗಿದ್ದಾಗ, ಬಸ್ ನಿಲ್ದಾಣದಲ್ಲಿ ಅವನು ಸಿಕ್ಕಿದ. ಕೂದಲು ಪೂರ್ತಿ ನೆರೆತಿತ್ತು. ಅಮ್ಮನ ಆರೋಗ್ಯ ಕೇಳಿದ, ನನ್ನ ಸಂಬಳ ಕೇಳಿದ. ಬಸ್ಸು ಹೊರಡುವ ಹೊತ್ತಿಗೆ, ನೆಲ ನೋಡುತ್ತ ಕೇಳಿದ:

"ಆ ಜರ್ಮನಿ ಅಮ್ಮಗ ನಿಮ್ಮ ಹೆಸರು ನೆನಪಾತೇನ್ರೀ?"

ಅವರಿಂದ ನನಗೆ ಯಾವ ಸುದ್ದಿಯೂ ಬಂದಿರಲಿಲ್ಲ. "ನೆನಪಾಯ್ತಂತೆ, ಬಸಣ್ಣ" ಎಂದೆ.

ಅವನು ತಲೆಯೆತ್ತಿ ನನ್ನ ಮುಖವನ್ನೇ ನೋಡಿದ. ಆಮೇಲೆ, "ಆಗ್ಲಿ ಬಿಡ್ರಿ" ಎಂದು ಬಸ್ಸು ಹತ್ತಿದ. ನನ್ನ ಮಾತನ್ನು ಅವನು ನಂಬಲಿಲ್ಲ. ಅದಾದ ಮೇಲೆ ನನಗೆ ಅವನು ಸಿಗಲೂ ಇಲ್ಲ.