ಪಾದದ ಮೇಲಿನ ಗುರುತು
ಏಳು ನಂಬರಿನ ಪಾದ, ಸವೆದ ಚಪ್ಪಲಿ, ಚೌಕಾಸಿ ಗೊತ್ತಿಲ್ಲದ ಮುಖ: ರಕ್ತನಾಳದ ಡಾಕ್ಟರಮ್ಮನನ್ನು ಚಪ್ಪಲಿ ವ್ಯಾಪಾರಿ ಮೊದಲ ನೋಟಕ್ಕೇ ಅಳೆದುಬಿಟ್ಟ. ರಕ್ತ ಹರಿಯದ ಅವನ ಬಲಗಾಲನ್ನು ಕತ್ತರಿಸಲೇಬೇಕೆಂದು ಬೇರೆ ಡಾಕ್ಟರುಗಳು ಹೇಳಿದ್ದರು. ಇವರೋ, ಯಾರೇ ಬರಲಿ, ವರದಿ ಓದುವ ಮೊದಲೇ ಕಾಲುಚೀಲ ಕಳಚಿ, ಪಾದದ ಮೇಲೆ ಎರಡು ಬೆರಳಿಟ್ಟು, ಕಣ್ಣು ಮುಚ್ಚಿ ನಾಡಿ ಹುಡುಕುವವರು; ಸಿಕ್ಕ ಕಡೆ ಪೆನ್ನಿನಿಂದ ಗುರುತು ಹಾಕುವವರು. ಅವನ ಪಾದದಲ್ಲಿ ಅದು ಸಿಗಲಿಲ್ಲ. ತೊಡೆಸಂದಿಯಲ್ಲಿ ಅಕ್ಕಿಕಾಳಿನಷ್ಟು ತೂತು ಮಾಡಿ ಕೂದಲಿನಂಥ ತಂತಿ ತೂರಿಸುವಾಗ ಅವರ ಕಣ್ಣು ಪರದೆಯ ಮೇಲೆ, ಮಾತು ರಕ್ತನಾಳದ ಜೊತೆ: "ಹಠ ಮಾಡ್ಬೇಡ ಮಹರಾಯ, ಸ್ವಲ್ಪ ದಾರಿ ಬಿಡು." ಎಚ್ಚರವಾಗಿಯೇ ಮಲಗಿದ್ದ ವ್ಯಾಪಾರಿ, "ನನಗಾ ಹೇಳಿದ್ದು, ಡಾಕ್ಟ್ರಮ್ಮ?" ಎಂದ. "ನಿಮಗಲ್ಲ. ನಿಮಗಿಂತ ಅದೇ ವಾಸಿ, ಹೇಳಿದ್ದು ಕೇಳುತ್ತೆ." ಮುಚ್ಚಿದ್ದ ನಾಳದೊಳಗೆ ಪುಟ್ಟ ಬಲೂನು ಉಬ್ಬಿ ರಕ್ತಕ್ಕೆ ದಾರಿ ತೆರೆಯಿತು. ಆಮೇಲೆ ಅವರು ಪಾದದ ಮೇಲೆ ಗುರುತು ಹಾಕಿ, ಅವನ ಬೆರಳನ್ನೇ ಹಿಡಿದು ಅಲ್ಲಿಟ್ಟರು. ನಲವತ್ತು ವರ್ಷ ಊರವರ ಪಾದ ಹಿಡಿದವನಿಗೆ, ಹೃದಯದ ಬಡಿತ ಅಷ್ಟು ದೂರ ಬರುತ್ತದೆಂದು ಆಗಲೇ ತಿಳಿದದ್ದು. ಅವನು ಇಂದು ಜೋಡಿ ಚಪ್ಪಲಿ ಮೆಟ್ಟಿ ನಡೆಯುತ್ತಿರುವುದು ಅವರಿಂದ.